ಇಂಜೆಕ್ಷನ್ ಹೊತ್ತಿಗೆ ಮಗುವಿನ ಗಮನ ಬೇರೆ ಕಡೆ ಸೆಳೆಯೋದು: ಮಾಡಿ ನೋಡಿದವರು ಹೇಳಿ

ಡೊಂಬಿವಲಿ_ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಸದ್ಯದಲ್ಲೇ ಐದು ತುಂಬುತ್ತೆ, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಎರಡನೇ ಬೂಸ್ಟರ್ ಹಾಕಿಸಬೇಕು. ಕಳೆದ ಮಳೆಗಾಲದಲ್ಲಿ ಜ್ವರ ಬಿಡಲಿಲ್ಲ ಅಂತ ರಕ್ತ ಪರೀಕ್ಷೆಗೆ ಕರ್ಕೊಂಡು ಹೋಗಿದ್ವಿ. ಆ ಲ್ಯಾಬಿನಲ್ಲಿ ಮೂರು ಜನ ಸೇರಿ ಅವನನ್ನ ಬೆಂಚಿನ ಮೇಲೆ ಒತ್ತಿ ಮಲಗಿಸಿ ರಕ್ತ ತೆಗೆದ್ರು. ನನ್ನನ್ನ ಪರದೆ ಹೊರಗೆ ನಿಲ್ಲಿಸಿದ್ರು. ಅವತ್ತಿಂದ ಬಿಳಿ ಬಟ್ಟೆ ಕಂಡ್ರೆ ಗಡಗಡ ನಡುಗ್ತಾನೆ. ಕಟಿಂಗ್ ಅಂಗಡಿಯವರು ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟೋಕೆ ಬಂದ್ರೂ ಕಿರುಚಾಟ.

ಅತ್ತೆ ಹೇಳ್ತಾರೆ, ಐಸ್‌ಕ್ರೀಮ್ ತಿನ್ನೋಣ ಬಾ ಅಂತ ಕರ್ಕೊಂಡು ಹೋಗಿ ಚುಚ್ಚಿಸಿಬಿಡು ಅಂತ. ನನ್ನ ಮನಸ್ಸು ಒಪ್ತಿಲ್ಲ. ಆಟ, ಹಾಡು, ಮಾತು ಅಂತ ಗಮನ ಸೆಳೆದ್ರೆ ನೋವು ನಿಜವಾಗ್ಲೂ ಕಡಿಮೆ ಆಗುತ್ತಾ? ಇಲ್ಲಾ ಅಳು ಎರಡು ನಿಮಿಷ ತಡ ಆಗುತ್ತೆ, ಅಷ್ಟೇನಾ?

ಭಾಂಡುಪ್_ಅಪ್ಪ

ನಮ್ಮ ಮಗನಿಗೆ ಮಾಡಿದ್ದು ಹೇಳ್ತೇನೆ ಅಕ್ಕ. ಅವನಿಗೆ ಮುಂಬಯಿ ಲೋಕಲ್ ಟ್ರೈನ್ ಅಂದ್ರೆ ಜೀವ. ಸಿಸ್ಟರ್ ಟ್ರೇ ತರುವ ಮೊದಲೇ ನಾನು ಶುರು ಮಾಡಿದೆ: "ನಾವು ಭಾಂಡುಪಿನಲ್ಲಿ ಸ್ಲೋ ಟ್ರೈನ್ ಹತ್ತಿದೆವು, ಡೊಂಬಿವಲಿಗೆ ಹೋಗ್ಬೇಕು, ನೀನೇ ಗಾರ್ಡ್, ಸ್ಟೇಷನ್ ಹೇಳು." ಅವನು ನಾಹೂರ್, ಮುಲುಂಡ್, ಠಾಣೆ ಅಂತ ಹೇಳ್ತಾ ಹೋದ. ಠಾಣೆ ಆದ ಮೇಲೆ ನಾನು ಬೇಕಂತಲೇ "ಮುಂಬ್ರಾ" ಅಂದೆ. "ಕಳವಾ ಬಿಟ್ರಿ ಪಪ್ಪಾ!" ಅಂತ ನನ್ನ ಮೇಲೆಯೇ ರೇಗಿದ. ಸೂಜಿ ಒಳಗೆ ಹೋದದ್ದು ಆಗ. ಮುಖ ಹಿಂಡಿದ, "ಆ" ಅಂದ, ನಾನು ನಿಲ್ಲಿಸದೆ "ಕಳವಾ ಆಯ್ತು, ಈಗ ಮುಂಬ್ರಾನಾ?" ಕೇಳಿದೆ. ಕಣ್ಣಲ್ಲಿ ನೀರಿತ್ತು, ಆದ್ರೂ ದಿವಾ, ಕೋಪರ್ ಹೇಳಿ ಮುಗಿಸಿದ.

ನೋವು ಆಗ್ಲಿಲ್ಲ ಅಂತ ನಾನು ಹೇಳುವುದಿಲ್ಲ. ಆದ್ರೆ ಹೊರಗೆ ಬಂದ ಮೇಲೆ ಅವನು ಮಾತಾಡಿದ್ದು ಟ್ರೈನಿನ ವಿಷಯವೇ. ನನ್ನ ಪ್ರಕಾರ ತಪ್ಪು ಹೇಳುವುದೇ ಮುಖ್ಯ. ಬರೀ ಕೇಳಿಸಿಕೊಳ್ಳುವ ಮಗು ಸೂಜಿಯನ್ನೂ ನೋಡ್ತದೆ. ಅಪ್ಪನ ತಪ್ಪು ತಿದ್ದುವ ಮಗುವಿಗೆ ಪುರುಸೊತ್ತು ಇರುವುದಿಲ್ಲ.

ಮೀರಾರೋಡ್_ಹುಡುಗ

ಮೊಬೈಲಲ್ಲಿ ಕಾರ್ಟೂನ್ ಹಾಕಿ ಕೊಟ್ರೆ ಆಗಲ್ವಾ? ನಮ್ಮ ಅಕ್ಕ ಅದನ್ನೇ ಮಾಡೋದು.

ಪರೇಲ್_ನರ್ಸಕ್ಕ

ಮೊಬೈಲ್ ಕೂಡ ಆಗುತ್ತೆ ತಮ್ಮಾ. ಆದ್ರೆ ಸ್ಪಿರಿಟ್ ಹತ್ತಿ ಮೂಗಿಗೆ ಬಡಿದ ಮೇಲೆ ಜೇಬಿಂದ ತೆಗೆದ್ರೆ ಪ್ರಯೋಜನ ಇಲ್ಲ. ಆಗ ಮೊಬೈಲ್ ಕಂಡ್ರೇ ಮಗುವಿಗೆ ಗೊತ್ತಾಗುತ್ತೆ, ಏನೋ ನಡೀತಿದೆ ಅಂತ. ಮೊದಲೇ ಶುರುವಾಗಿ ಸೂಜಿ ತೆಗೆದ ಮೇಲೂ ಸ್ವಲ್ಪ ಹೊತ್ತು ನಡೀಬೇಕು. ಕಾರ್ಟೂನ್ ಹಾಕಿ ಸುಮ್ಮನೆ ಕೂರಬೇಡಿ. "ಆ ಬೆಕ್ಕು ಎಲ್ಲಿಗೆ ಓಡ್ತು? ಈಗ ಏನಾಗುತ್ತೆ?" ಅಂತ ಕೇಳ್ತಾ ಇರಿ.

ನಾನು ಲಸಿಕೆ ಕೊಡೋ ಕೆಲಸದಲ್ಲೇ ಇರೋಳು. 2022ರ ಕೊನೆಗೆ ಗೋವಂಡಿ ಕಡೆ ದಡಾರ ಹಬ್ಬಿದಾಗ ದಿನವಿಡೀ ಎಂಆರ್ (ದಡಾರ-ರುಬೆಲ್ಲಾ) ಲಸಿಕೆ ಕೊಟ್ಟಿದ್ದೀವಿ. ಸಾಲಲ್ಲಿ ಮುಂದಿನ ಮಗು ಅತ್ರೆ ಹಿಂದಿನವೆಲ್ಲಾ ಅಳೋಕೆ ಶುರು. ಒಂದು ಮಗು ಊದೋ ಆಟದಲ್ಲಿದ್ರೆ ಹಿಂದಿನದೂ ಕತ್ತು ಚಾಚಿ ಅದನ್ನೇ ನೋಡುತ್ತೆ. ಸ್ಟೇಷನ್ ಹೊರಗೆ ಮಾರ್ತಾರಲ್ಲ ಸಾಬೂನಿನ ಗುಳ್ಳೆ ಬುಡ್ಡಿ, ಇಲ್ಲಾ ಕಾಗದದ ಗಿರಿಗಿಟ್ಲೆ, ಇಲ್ಲಿಯವರು ಭಿರಭಿರೆ ಅಂತಾರೆ, ಅದು ಸಾಕು. ಎರಡೂ ಇಲ್ದಿದ್ರೆ ನಿಮ್ಮ ಐದು ಬೆರಳು ಎತ್ತಿ ಹಿಡಿದು ಒಂದೊಂದೇ ಹಣತೆ ಊದು ಅನ್ನಿ. ಉದ್ದಕ್ಕೆ ಉಸಿರು ಬಿಡುವಾಗ ಭುಜ ತಾನಾಗಿ ಸಡಿಲ ಆಗುತ್ತೆ. ಬಿಗಿ ಹಿಡಿದ ತೋಳಿಗೆ ಚುಚ್ಚಿದ್ರೆ ಆಗ್ಲೂ ನೋವು, ರಾತ್ರಿಗೂ ನೋವು.

ಇನ್ನೊಂದು ಮಾತು ಬಹಳ ಮನಸ್ಸಿಗೆ ಬಂದು ಹೇಳ್ತಿದ್ದೀನಿ. ಮುಂಬಯಿ ಕ್ಲಿನಿಕ್ಕಲ್ಲಿ ಮಗು ಮೇಲೆ ಎಷ್ಟು ದನಿ ಒಟ್ಟಿಗೆ ಬೀಳುತ್ತೆ ನೋಡಿ. ಸಿಸ್ಟರ್ ಮರಾಠಿಯಲ್ಲಿ "ಕಾಹೀ ನಾಹೀ ಹೋತ್ ಬಾಳಾ", ಆಯಾ ಹಿಂದಿಯಲ್ಲಿ "ರೋನಾ ನಹೀಂ", ಅಪ್ಪ ಕನ್ನಡದಲ್ಲಿ, ಅಜ್ಜಿ ತುಳುವಿನಲ್ಲಿ. ಹೆದರಿದ ಮಗುವಿಗೆ ಯಾವುದೂ ಒಳಗೆ ಇಳಿಯಲ್ಲ. ಒಬ್ಬರೇ ಮಾತಾಡಿ, ಮನೆ ಭಾಷೆಯಲ್ಲಿ ಮಾತಾಡಿ. ಉಳಿದವರಿಗೆ ದಯವಿಟ್ಟು ಸುಮ್ಮನಿರಿ ಅಂತ ನೀವೇ ಹೇಳಿ, ನಮಗೂ ಸೇರಿಸಿ. ನನಗೆ ಬೇಜಾರಿಲ್ಲ.

ಮಾಟುಂಗಾ_ಅಜ್ಜಿ

ಡೊಂಬಿವಲಿಯ ಮಗಳೇ, ಐಸ್‌ಕ್ರೀಮ್ ಅಂತ ಸುಳ್ಳು ಹೇಳಿ ಕರ್ಕೊಂಡು ಹೋಗಬೇಡಮ್ಮ. ನಿನ್ನ ಮನಸ್ಸು ಹೇಳೋದೇ ಸರಿ. ಆ ಒಂದು ದಿನ ಕೆಲಸ ಆಗುತ್ತೆ, ಆಮೇಲೆ ಐಸ್‌ಕ್ರೀಮಿಗೆ ಕರೆದ್ರೂ ಅನುಮಾನ, ಅಮ್ಮನ ಮಾತಿನ ಮೇಲೂ ಅನುಮಾನ. ಇನ್ನೊಂದು, "ಹಠ ಮಾಡಿದ್ರೆ ಡಾಕ್ಟರ್ ಹತ್ರ ಸುಯಿ ಚುಚ್ಚಿಸ್ತೀನಿ" ಅನ್ನೋ ಮಾತು ನಮ್ಮ ಬಿಲ್ಡಿಂಗಿನಲ್ಲಿ ದಿನಾ ಕೇಳಿಸುತ್ತೆ. ಶಿಕ್ಷೆ ಅಂತ ತೋರಿಸಿದ್ದನ್ನ ಮಗು ರಕ್ಷೆ ಅಂತ ಹೇಗೆ ನಂಬೀತು? ಕೇಳಿದಾಗೆಲ್ಲ ಬಾಗಿಲು ತೆಗೆದು ಹೇಳಿಬರ್ತೀನಿ ನಾನು.

ಹಿಂದೆಲ್ಲ ಎಳೆಗೂಸಿಗೆ ಬಾಯಿಗೆ ಸಿಹಿ ಸವರಿ ಚುಚ್ಚಿಸ್ತಿದ್ರು. ಜೇನುತುಪ್ಪ ಸವರಬಹುದಾ ಈಗಲೂ? ತಿಳಿದವರು ಹೇಳಿ.

ವಿಜಯಪುರದಾಂವ_ಪುಣೆ

ನಂಗ ಸ್ವಲ್ಪ ಬ್ಯಾರೆ ಅನಸ್ತೈತ್ರಿ. ಮೊದಲ ಹೇಳಿದ್ರ ಹಿಂದಿನ ರಾತ್ರಿಯಿಂದನ ಅಳಾಕ ಚಾಲೂ ಮಾಡ್ತಾವ. ನನ್ನ ಮಗಳು ಊಟಾನೂ ಮಾಡಂಗಿಲ್ಲ. ಕರಕೊಂಡು ಹೋಗೂದು, ಗಪ್ಪನ ಹಿಡಿಯೂದು, ಚುಚ್ಚಿಸೂದು, ಹೊರಗ ಬಂದು ಅಪ್ಪಿಕೊಳ್ಳೂದು. ಎರಡು ಸೆಕೆಂಡಿನ ನೋವಿಗೆ ಎರಡು ದಿನದ ಅಂಜಿಕಿ ಯಾಕ ಕೊಡಬೇಕ್ರಿ? ಮಕ್ಕಳ ಮ್ಯಾಲ ಮಾಯಾ ಇಲ್ಲಂತ ಅಲ್ಲ, ಮಾಯಾ ಐತಿ ಅಂತನ ಹೇಳಾಕತ್ತೀನಿ.

ಠಾಣೆ_ತಂದೆ

ವಿಜಯಪುರದ ಅಣ್ಣಾ, ನಿಮ್ಮ ಕಾಳಜಿ ಅರ್ಥ ಆಗುತ್ತೆ. ಆದ್ರೆ ನನ್ನ ಮಗಳಿಗೆ ಟೈಪ್ 1 ಸಕ್ಕರೆ ಕಾಯಿಲೆ. ಇನ್ಸುಲಿನ್ ಪ್ರತಿ ಊಟಕ್ಕೂ, ರಾತ್ರಿ ಬೇರೆ. ಜೊತೆಗೆ ಬೆರಳು ಚುಚ್ಚಿ ನೋಡೋದು. ಗಪ್ಪನ ಹಿಡಿಯೋದು ನಮ್ಮ ಮನೆಯಲ್ಲಿ ಸಾಧ್ಯವೇ ಇಲ್ಲ, ನಾಳೆ ಬೆಳಿಗ್ಗೆ ಅವಳು ಮತ್ತೆ ಅದೇ ಕೈಗೆ ತೋಳು ಕೊಡಬೇಕಲ್ಲ.

ಶುರುವಿನಲ್ಲಿ ಅವಳು ಮಂಚದ ಕೆಳಗೆ ಹೋಗಿ ಕೂರ್ತಿದ್ಲು. ದಾರಿ ತೋರಿಸಿದ್ದು ಆಸ್ಪತ್ರೆಯ ಡಯಾಬಿಟಿಸ್ ಸಿಸ್ಟರ್. ಚುಚ್ಚೋದಾ ಬೇಡ್ವಾ ಅನ್ನೋದು ಅವಳ ಕೈಲಿಲ್ಲ, ಅದನ್ನ ನೇರವಾಗಿ ಹೇಳಿಬಿಡಿ. ಆದ್ರೆ ಹೊಟ್ಟೆಗಾ ತೊಡೆಗಾ, ಎಡಕ್ಕಾ ಬಲಕ್ಕಾ, ಕೂತಾ ನಿಂತಾ, ಎಣಿಸೋದು ಯಾರು, ಇದೆಲ್ಲ ಅವಳೇ ತೀರ್ಮಾನ ಮಾಡ್ಲಿ ಅಂದ್ರು. ಈಗ ಅವಳೇ ಐದರಿಂದ ಹಿಂದಕ್ಕೆ ಎಣಿಸ್ತಾಳೆ, ಎರಡು ಅಂದಾಗ ನಾನು ಚುಚ್ಚಬಾರದು, ಒಂದು ಅಂದ ಮೇಲೇ. ಆ ಒಪ್ಪಂದ ನಾನು ಮುರಿಯೋ ಹಾಗಿಲ್ಲ. ಎಣಿಕೆ ಅವಳಿಗೆ ಆಟವೂ ಹೌದು, ಹಿಡಿತವೂ ಹೌದು.

ಇದೇ ಕಷ್ಟದಲ್ಲಿರೋ ತಂದೆತಾಯಿಗೆ ಎರಡು ಕೆಲಸದ ವಿಷಯ. ಬಳಸ್ತಿರೋ ಇನ್ಸುಲಿನ್ ಪೆನ್ ಫ್ರಿಜ್ಜಿನಿಂದ ತೆಗೆದ ತಕ್ಷಣ ಚುಚ್ಚಿದ್ರೆ ಉರಿ ಜಾಸ್ತಿ, ಕೋಣೆಯ ಹದಕ್ಕೆ ಬಂದ ಮೇಲೆ ಕಡಿಮೆ. ಬೆರಳು ಚುಚ್ಚುವಾಗ ತುದಿಯ ಮಧ್ಯಕ್ಕೆ ಬೇಡ, ಪಕ್ಕಕ್ಕೆ ಚುಚ್ಚಿ. ಮತ್ತೆ, "ಇಲ್ಲೇ ನೋವಾಗಲ್ಲ" ಅಂತ ಮಗು ದಿನಾ ಒಂದೇ ಜಾಗ ತೋರಿಸಿದ್ರೆ ಅಲ್ಲಿ ಕೈಯಾಡಿಸಿ ನೋಡಿ. ಕೊಬ್ಬು ಗಂಟುಗಟ್ಟಿದ ಜಾಗದಲ್ಲಿ ನೋವು ಕಡಿಮೆ, ಆದ್ರೆ ಇನ್ಸುಲಿನ್ ಸರಿಯಾಗಿ ಹೀರಲ್ಲ, ಸಕ್ಕರೆ ಏರುಪೇರಾಗುತ್ತೆ. ಆಯ್ಕೆ ಕೊಡೋದು ಆ ಜಾಗ ಬಿಟ್ಟು.

ಮಕ್ಕಳಡಾಕ್ಟರ್_ಮುಲುಂಡ್

ಒಳ್ಳೆ ಚರ್ಚೆ. ಮೊದಲು ಡೊಂಬಿವಲಿಯವರ ಪ್ರಶ್ನೆ: ನೋವು ನಿಜವಾಗಿ ಕಡಿಮೆಯಾಗುತ್ತಾ? ಹೌದು. ಸೂಜಿಯ ನೋವಿಗೆ ಮಾನಸಿಕ ಉಪಾಯಗಳ ಬಗ್ಗೆ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟು ಹಾಕಿ ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ ಇದೆ. 2ರಿಂದ 19 ವರ್ಷದೊಳಗಿನ 5,550 ಮಂದಿಯ ಮೇಲೆ ನಡೆದ 59 ಪ್ರಯೋಗಗಳನ್ನು ಒಟ್ಟಿಗೆ ನೋಡಿದ್ದಾರೆ. ಗಮನ ಬೇರೆ ಕಡೆ ಸೆಳೆದಾಗ ಮಕ್ಕಳು ತಾವೇ ಹೇಳಿದ ನೋವಿನ ಮಟ್ಟ ಕಡಿಮೆ ಇತ್ತು. ಪ್ರಯೋಗಗಳ ಗುಣಮಟ್ಟ ಅಷ್ಟೇನೂ ಮೇಲ್ಮಟ್ಟದ್ದಲ್ಲ ಅಂತಲೂ ಅವರೇ ಬರೆದಿದ್ದಾರೆ. ಆದರೂ ಖರ್ಚಿಲ್ಲ, ಹಾನಿ ಇಲ್ಲ, ಹಾಗಾಗಿ ನಾನು ಎಲ್ಲರಿಗೂ ಹೇಳ್ತೀನಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆಯ ನೋವಿನ ಬಗ್ಗೆಯೇ ಪ್ರತ್ಯೇಕ ಸಲಹೆ ಹೊರಡಿಸಿತು. ಅದರಲ್ಲೂ ಆರು ವರ್ಷದ ಒಳಗಿನ ಮಕ್ಕಳಿಗೆ ಆಟಿಕೆ, ವಿಡಿಯೊ, ಸಂಗೀತ, ಮಾತುಕತೆ ಇವನ್ನು ಸೂಚಿಸಿದೆ.

ಯಾಕೆ ಹಾಗೆ? ಸೂಜಿ ಚುಚ್ಚಿದ ಸುದ್ದಿ ನರದಲ್ಲಿ ಹೊರಟು ಬೆನ್ನುಹುರಿ ದಾಟಿ ಮಿದುಳಿಗೆ ಹೋಗಬೇಕು. ಬೆನ್ನುಹುರಿಯಲ್ಲಿ ಆ ಸುದ್ದಿಯನ್ನು ಹೆಚ್ಚು ಕಡಿಮೆ ಮಾಡೋ ಬಾಗಿಲಿನಂಥ ವ್ಯವಸ್ಥೆ ಇದೆ ಅಂತ ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದರು. ಅವರು ಬಿಡಿಸಿದ ಚಿತ್ರದ ವಿವರಗಳು ಆಮೇಲೆ ಬದಲಾಗಿವೆ, ಆದರೆ ಮಿದುಳು ಮೇಲಿನಿಂದ ಕೆಳಕ್ಕೆ ಕಳಿಸೋ ಸಂಕೇತ ನೋವನ್ನು ತಗ್ಗಿಸಬಹುದು ಅನ್ನೋದು ನಿಂತಿದೆ. ಭಯ ನೋವನ್ನು ಹಿಗ್ಗಿಸುತ್ತೆ, ಬೇರೆ ಕಡೆ ತೊಡಗಿದ ಮನಸ್ಸು ಕುಗ್ಗಿಸುತ್ತೆ. ಅಳು ನಿಲ್ಲಿಸೋ ತಂತ್ರ ಅಲ್ಲ ಇದು.

ಪುಣೆಯ ಅಣ್ಣನವರೇ, ಎರಡು ದಿನ ಮುಂಚೆ ಹೇಳೋದು ಬೇಡ ಅನ್ನೋದು ಸರಿ. ಸಣ್ಣ ಮಗುವಿಗೆ ಅವತ್ತು ಬೆಳಿಗ್ಗೆ ಹೇಳಿದರೆ ಸಾಕು, ಶಾಲೆಗೆ ಹೋಗೋ ಮಗುವಿಗೆ ಹಿಂದಿನ ದಿನ. ಹೇಳೋದು ಚಿಕ್ಕದಾಗಿ, ನಿಜವಾಗಿ: "ಇವತ್ತು ತೋಳಿಗೆ ಔಷಧ ಹಾಕ್ತಾರೆ. ಚಿವುಟಿದ ಹಾಗೆ ಆಗಬಹುದು. ನಾನು ಜೊತೆಗಿರ್ತೀನಿ, ನಾವು ಸ್ಟೇಷನ್ ಆಟ ಆಡೋಣ." ಏನೂ ಹೇಳದೆ ಹಿಡಿಯೋದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಮಗು ನೋವನ್ನಷ್ಟೇ ಅಲ್ಲ, ತಪ್ಪಿಸಿಕೊಳ್ಳೋಕೆ ಆಗದ ಆ ಗಳಿಗೆಯನ್ನೂ ನೆನಪಿಟ್ಟುಕೊಳ್ಳುತ್ತೆ. ಡೊಂಬಿವಲಿಯ ಮಗುವಿಗೆ ಆಗಿರೋದು ಅದೇ.

"ಏನೂ ಆಗಲ್ಲ, ಏನೂ ಆಗಲ್ಲ" ಅಂತ ಪದೇಪದೇ ಹೇಳೋದು, "ಪಾಪ, ಅಮ್ಮನ್ನ ಕ್ಷಮಿಸು ಪುಟ್ಟಾ" ಅನ್ನೋದು ಎರಡೂ ಭಯ ಹೆಚ್ಚಿಸ್ತವೆ, ಇದನ್ನು ಅಧ್ಯಯನಗಳಲ್ಲೂ ಕಂಡಿದ್ದಾರೆ. ಅಮ್ಮನ ದನಿಯಲ್ಲಿ ಗಾಬರಿ ಕಂಡರೆ ಮಗು ಮಾತನ್ನು ಕೇಳಲ್ಲ, ಗಾಬರಿಯನ್ನೇ ಕೇಳುತ್ತೆ.

ಅಜ್ಜಿ, ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಬಾಟ್ಯುಲಿಸಂ ಅನ್ನೋ ಅಪಾಯಕಾರಿ ಕಾಯಿಲೆ ಬರಬಹುದು. ಸಿಹಿಯಿಂದ ಎಳೆಗೂಸಿನ ನೋವು ತಗ್ಗುತ್ತೆ ಅನ್ನೋ ಹಿರಿಯರ ಕಾಣ್ಕೆ ಮಾತ್ರ ಸರಿ, ಆಸ್ಪತ್ರೆಗಳಲ್ಲಿ ಅಳತೆಯ ಸಕ್ಕರೆ ದ್ರಾವಣ ಕೊಡೋದುಂಟು. ಎದೆಹಾಲು ಇದ್ದರೆ ಅದೂ ಬೇಕಿಲ್ಲ.

ಇನ್ನು ಕ್ಲಿನಿಕ್ಕುಗಳಲ್ಲಿ ಡಿಪಿಟಿಗೆ "ಪೇನ್‌ಲೆಸ್ ಲಸಿಕೆ" ಅಂತ ಕೇಳಿರ್ತೀರಿ. ಅದರಲ್ಲಿ ನಾಯಿಕೆಮ್ಮಿನ ಅಂಶ ಬೇರೆ ರೀತಿಯದು, ಆಮೇಲಿನ ಜ್ವರ, ಬಾವು ಕಡಿಮೆ. ಸೂಜಿ ಅದೇ ಸೂಜಿ. ನೋವೇ ಆಗಲ್ಲ ಅಂತ ಮಗುವಿಗೆ ಮಾತು ಕೊಡಬೇಡಿ. ಹಾಗೇ ಪ್ಯಾರಾಸಿಟಮಾಲ್ ಮೊದಲೇ ಕುಡಿಸಿ ಕರ್ಕೊಂಡು ಬರಬೇಡಿ. ಸೂಜಿಯ ನೋವಿಗೆ ಅದರಿಂದ ಉಪಯೋಗ ಇಲ್ಲ, ಕೆಲವು ಲಸಿಕೆಗಳಿಂದ ದೇಹದಲ್ಲಿ ಹುಟ್ಟೋ ಪ್ರತಿಕಾಯ (ರೋಗದ ವಿರುದ್ಧ ಹೋರಾಡೋ ಅಂಶ) ಕಡಿಮೆಯಾಗಿದ್ದು 2009ರ ಒಂದು ಅಧ್ಯಯನದಲ್ಲಿ ಕಂಡಿದೆ. ಆಮೇಲೆ ಜ್ವರ ಬಂದರೆ ತೂಕಕ್ಕೆ ತಕ್ಕ ಹಾಗೆ ಕೊಡೋಣ.

ವಿಜಯಪುರದಾಂವ_ಪುಣೆ

ಡಾಕ್ಟ್ರ, ಆತ್ರಿ. ಮುಂಜಾನೆ ಹೇಳಿ ನೋಡ್ತೀನಿ. ಜೋಮ ಹಿಡಸೂ ಮುಲಾಮ ಬರ್ತೈತಂತಲ್ರಿ, ಅದ ಹಚ್ಚಬಹುದನ?

ಮಕ್ಕಳಡಾಕ್ಟರ್_ಮುಲುಂಡ್

ಲಿಡೊಕೇಯ್ನ್, ಪ್ರಿಲೊಕೇಯ್ನ್ ಕೂಡಿದ ಮುಲಾಮು. ಒಂದು ಗಂಟೆ ಮೊದಲೇ ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಬೇಕು. ಯಾವ ಜಾಗಕ್ಕೆ ಚುಚ್ಚುತ್ತಾರೆ ಅಂತ ಕೇಳಿಕೊಂಡೇ ಹಚ್ಚಿ. ಚರ್ಮ ಜೋಮು ಹಿಡಿಯುತ್ತೆ, ಔಷಧ ಸ್ನಾಯುವಿಗೆ ಇಳಿಯೋ ಒತ್ತಡ ಮಾತ್ರ ಗೊತ್ತಾಗುತ್ತೆ. ಹಸುಗೂಸಿಗೆ ಅಥವಾ ಹೆಚ್ಚು ಜಾಗಕ್ಕೆ ಬಳಿದರೆ ರಕ್ತ ಆಮ್ಲಜನಕ ಒಯ್ಯೋದಕ್ಕೆ ತೊಂದರೆ ಆಗಬಹುದು. ನಿಮ್ಮ ಡಾಕ್ಟರನ್ನು ಕೇಳದೆ ತರಬೇಡಿ.

ಡೊಂಬಿವಲಿ_ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾಂಡುಪ್ ಅಣ್ಣಾ, ಸ್ಟೇಷನ್ ಆಟ ಇವತ್ತಿನಿಂದಲೇ ಮನೆಯಲ್ಲಿ ಶುರು. ನರ್ಸಕ್ಕಾ, ಹಿಡಿಯೋದು ಹೇಗೆ? ಅವನು ಕೈ ಕೊಸರಿದ್ರೆ ಸೂಜಿ ಮುರಿಯುತ್ತೇನೋ ಅಂತ ಭಯ. ಬೆಂಚಿನ ಮೇಲೆ ಮಲಗಿಸೋದು ನನಗೆ ಬೇಡ.

ಪರೇಲ್_ನರ್ಸಕ್ಕ

ಮಲಗಿಸಬೇಡಿ. ಅಂಗಾತ ಮಲಗಿಸಿ ಮೇಲಿಂದ ನಾಲ್ಕು ಮುಖ ಬಗ್ಗಿದ್ರೆ ದೊಡ್ಡವರಿಗೂ ಭಯ ಆಗುತ್ತೆ.

ನೀವು ಕುರ್ಚಿಯಲ್ಲಿ ಕೂತ್ಕೊಳ್ಳಿ. ಮಗ ನಿಮ್ಮ ಕಡೆ ಮುಖ ಮಾಡಿ ತೊಡೆ ಮೇಲೆ ಕೂರ್ಲಿ, ಎದೆಗೆ ಎದೆ ತಾಗಿರ್ಲಿ, ಕಾಲೆರಡೂ ನಿಮ್ಮ ಸೊಂಟದ ಆಚೀಚೆ. ಅವನ ಒಂದು ಕೈ ನಿಮ್ಮ ಕಂಕುಳ ಕೆಳಗಿಂದ ನಿಮ್ಮ ಬೆನ್ನು ತಬ್ಬಿರುತ್ತೆ. ಚುಚ್ಚೋ ತೋಳು ಹೊರಗೆ. ಆ ಕೈಯ ಮೊಣಕೈ ಹತ್ರ ನಿಮ್ಮ ಅಂಗೈ, ಬಿಗಿಯಾಗಿ, ಆದ್ರೆ ಹಿಂಡಬೇಡಿ. ನಿಮ್ಮ ಇನ್ನೊಂದು ಕೈ ಅವನ ಬೆನ್ನ ಮೇಲೆ. ಅಂಗಿ ತೋಳು ಸಡಿಲ ಇರೋದು ಹಾಕ್ಕೊಂಡು ಬನ್ನಿ, ಅಲ್ಲಿ ಗುಂಡಿ ಬಿಚ್ಚೋ ಹೊತ್ತಿಗೆ ಆಟ ಎಲ್ಲಾ ಮುರಿದುಹೋಗುತ್ತೆ. ಸ್ಟೇಷನ್ ಹೇಳೋ ಅಪ್ಪ ನಿಮ್ಮ ಬೆನ್ನ ಹಿಂದೆ ನಿಂತ್ರೆ ಮಗನ ಕಣ್ಣು ತಾನಾಗೇ ಅಪ್ಪನ ಮುಖಕ್ಕೆ ಹೋಗುತ್ತೆ, ಸೂಜಿ ಕಡೆ ತಿರುಗಲ್ಲ. ಕೆಲವು ಮಕ್ಕಳಿಗೆ ಸೂಜಿ ನೋಡ್ಲೇಬೇಕು. ನೋಡ್ತೀನಿ ಅಂದ್ರೆ ನೋಡ್ಲಿ, ಕಣ್ಣು ಮುಚ್ಚಿಸಬೇಡಿ.

ಚುಚ್ಚಿದ ಜಾಗ ಉಜ್ಜಬೇಡಿ. ಹತ್ತಿ ಒತ್ತಿ ಹಿಡಿದ್ರೆ ಸಾಕು.

ಸೂಜಿ ಒಳಗೆ ಹಾಕಿ ಸಿರಿಂಜಿನ ದಂಡ ಹಿಂದಕ್ಕೆ ಎಳೆದು ರಕ್ತ ಬರುತ್ತಾ ಅಂತ ನೋಡೋ ಹಳೇ ಪದ್ಧತಿ ಲಸಿಕೆಗೆ ಬೇಕಿಲ್ಲ. ಸೂಜಿ ಒಳಗಿರೋ ಹೊತ್ತು ಹೆಚ್ಚಾಗುತ್ತೆ ಅಷ್ಟೇ. ಕೆಲಸ ಒಂದೆರಡು ಸೆಕೆಂಡಿನದು.

ವಾಶಿ_ಕಾಲೇಜ್

ನನಗೆ ಅಳು ಬರಲ್ಲ, ತಲೆ ಸುತ್ತಿ ಬೀಳ್ತೀನಿ. ಶಾಲೆಯಲ್ಲಿ ಟಿಡಿ (ಧನುರ್ವಾಯು, ಗಂಟಲುಮಾರಿ) ಲಸಿಕೆ ಹಾಕಿದಾಗ ಬೆಂಚಿನಿಂದ ಕೆಳಗೆ ಬಿದ್ದಿದ್ದೆ, ಹುಡುಗರೆಲ್ಲ ಇನ್ನೂ ಆಡಿಕೊಳ್ತಾರೆ. ಈಗ ತಂಗಿಗೆ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯೋ ಲಸಿಕೆ) ಹಾಕಿಸಬೇಕು, ಅವಳೂ ನನ್ನ ಹಾಗೇ. ಉದ್ದ ಉಸಿರು ತಗೋ ಅಂತಾರೆ ಎಲ್ಲರೂ, ನನಗೆ ಅದರಿಂದ ಇನ್ನೂ ಜಾಸ್ತಿ ಆಗುತ್ತೆ.

ಮಕ್ಕಳಡಾಕ್ಟರ್_ಮುಲುಂಡ್

ನೀನು ಗಮನಿಸಿರೋದು ಸರಿ ಮಗಳೇ. ಬೀಳೋ ಸ್ವಭಾವದವರಿಗೆ ಸೂಜಿ ಕಂಡಾಗ ರಕ್ತದೊತ್ತಡ ತಟ್ಟನೆ ಇಳಿಯುತ್ತೆ. ಮೈ ಸಡಿಲ ಬಿಟ್ಟರೆ ಇನ್ನೂ ಇಳಿಯುತ್ತೆ. ನಿಮಗೆ ಬೇಕಿರೋದು ಬಿಗಿಹಿಡಿಯೋದು. ಸ್ವೀಡನ್ನಿನ ಮನಃಶಾಸ್ತ್ರಜ್ಞರು 1980ರ ದಶಕದಲ್ಲಿ ರೂಪಿಸಿದ ವಿಧಾನ ಇದು: ತೊಡೆ, ಹೊಟ್ಟೆ, ಮುಷ್ಟಿಯ ಸ್ನಾಯುಗಳನ್ನು 10ರಿಂದ 15 ಸೆಕೆಂಡ್ ಬಿಗಿಹಿಡಿ, ಮುಖಕ್ಕೆ ಬಿಸಿ ಏರಿದ ಹಾಗೆ ಅನಿಸೋವರೆಗೆ. ಆಮೇಲೆ ಮಾಮೂಲಿ ಸ್ಥಿತಿಗೆ ಬಿಡು, 20ರಿಂದ 30 ಸೆಕೆಂಡ್ ಕಳೆದು ಮತ್ತೆ. ಚುಚ್ಚೋ ತೋಳು ಮಾತ್ರ ಸಡಿಲ ಇರಲಿ. ತಂಗಿಗೆ ಮನೆಯಲ್ಲಿ ಅಭ್ಯಾಸ ಮಾಡಿಸು. ಖಾಲಿ ಹೊಟ್ಟೆಯಲ್ಲಿ ಕರ್ಕೊಂಡು ಹೋಗಬೇಡ. ಅವಳನ್ನು ಮಾತ್ರ ಮಲಗಿಸಿ ಹಾಕೋಕೆ ಹೇಳು, ಎದ್ದ ತಕ್ಷಣ ಹೊರಡಬೇಡಿ. ಬಿದ್ದರೆ ಅದು ಧೈರ್ಯದ ಪ್ರಶ್ನೆಯೇ ಅಲ್ಲ, ದೇಹದ ಪ್ರತಿಕ್ರಿಯೆ. ಆಡಿಕೊಳ್ಳೋರಿಗೆ ಹಾಗೇ ಹೇಳು.

ನಾಲಾಸೋಪಾರಾ_ಬಾಣಂತಿ

ನಮ್ಮ ಪಾಪುಗೆ ಹತ್ತನೇ ವಾರದ್ದು ಇದೆ. ಅದಕ್ಕೆ ಸ್ಟೇಷನ್ನೂ ಗೊತ್ತಿಲ್ಲ, ಗುಳ್ಳೆನೂ ಗೊತ್ತಿಲ್ಲ. ಏನು ಮಾಡ್ಲಿ? ಸರ್ಕಾರಿ ಲಸಿಕೆ ಶಿಬಿರಕ್ಕೇ ಹೋಗೋದು, ತುಂಬಾ ಜನ.

ಪರೇಲ್_ನರ್ಸಕ್ಕ

ಹಾಲು ಕುಡಿಸ್ತಾನೇ ಹಾಕಿಸ್ಕೊಳ್ಳಿ ತಂಗೀ. ಬಾಯಿಗೆ ಹಾಕೋ ಹನಿ ಮೊದಲು ಆಗ್ಲಿ. ಆಮೇಲೆ ಸೆರಗು ಮುಚ್ಚಿ ಮಗು ಚೆನ್ನಾಗಿ ಚೀಪೋಕೆ ಶುರು ಮಾಡೋವರೆಗೆ ಕುಡಿಸಿ, ತೊಡೆ ಮಾತ್ರ ಹೊರಗಿರ್ಲಿ. ಸೂಜಿ ತೆಗೆದ ಮೇಲೂ ಬಿಡಿಸಬೇಡಿ. ಅಪ್ಪಿಕೊಂಡ ಬೆಚ್ಚಗೆ, ಚೀಪೋದು, ಹಾಲಿನ ಸಿಹಿ ಮೂರೂ ಒಟ್ಟಿಗೆ ಸಿಗುತ್ತೆ. ಜನ ಇದ್ದಾರೆ ಅಂತ ಸಂಕೋಚ ಬೇಡ, ಪರದೆ ಪಕ್ಕದ ಕುರ್ಚಿ ಕೊಡಿ ಅಂತ ಕೇಳಿ. ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕಲ್ಲ, ಆಗ್ಲೂ ಕುಡಿಸಬಹುದು.

ನಾಲಾಸೋಪಾರಾ_ಬಾಣಂತಿ

ಸರಿ ಅಕ್ಕಾ. ಅಲ್ಲಿ ಬೇಡ ಅಂದ್ರೆ?

ಪರೇಲ್_ನರ್ಸಕ್ಕ

ಬೇಡ ಅನ್ನೋಕೆ ಕಾರಣ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಲ್ಲೇ ಇದೆ ಅಂತ ಮೆಲ್ಲಗೆ ಹೇಳಿ. ತಕರಾರು ಮಾಡಿದ್ರೆ ಹಾಕೋಕೆ ಸ್ವಲ್ಪ ಮುಂಚೆ ಕುಡಿಸಿ, ಆದ ತಕ್ಷಣ ಮತ್ತೆ ಎದೆಗೆ ಹಾಕ್ಕೊಳ್ಳಿ.

ಕಲ್ಯಾಣ್_ಅಮ್ಮ

ತಡವಾಗಿ ಓದಿದೆ. ನನ್ನ ಮಗನಿಗೆ ಏಳು ವರ್ಷ, ಆಟಿಸಂ ಇದೆ. ಕ್ಲಿನಿಕ್ಕಿನ ಟ್ಯೂಬ್‌ಲೈಟ್, ಬೇರೆ ಮಕ್ಕಳ ಅಳು, ಇದಕ್ಕೇ ಕಿವಿ ಮುಚ್ಚಿಕೊಂಡು ಕೆಳಗೆ ಕೂತುಬಿಡ್ತಾನೆ. ಮಾತು ಕಡಿಮೆ. ಇಲ್ಲಿ ಹೇಳಿರೋ ಮಾತಿನ ಆಟ ಅವನಿಗೆ ಆಗಲ್ಲ. ಒಂದು ಬೂಸ್ಟರ್ ಬಾಕಿ ಇದೆ, ನಾನೂ ಮುಂದೂಡ್ತಾ ಬಂದಿದ್ದೀನಿ.

ಪರೇಲ್_ನರ್ಸಕ್ಕ

ಅಕ್ಕಾ, ನಿಮ್ಮ ಮಗನಂಥ ಮಕ್ಕಳು ನಮ್ಮಲ್ಲಿಗೂ ಬರ್ತಾರೆ. ಕ್ಲಿನಿಕ್ಕಿಗೆ ಮೊದಲೇ ಫೋನ್ ಮಾಡಿ, ಬೆಳಿಗ್ಗೆಯ ಮೊದಲ ನಂಬರ್ ಕೇಳಿ. ಒಳಗೆ ಕಾಯೋದು ಬೇಡ, ರಿಕ್ಷಾದಲ್ಲೋ ಕೆಳಗೆ ರಸ್ತೆ ಬದಿಯಲ್ಲೋ ಇರ್ತೀವಿ, ಎಲ್ಲಾ ರೆಡಿ ಆದ ಮೇಲೆ ಕರೀರಿ ಅನ್ನಿ. ಸಾಧ್ಯ ಇದ್ರೆ ಎರಡು ದಿನ ಮುಂಚೆ ಚುಚ್ಚೋ ಕೆಲಸ ಇಲ್ದೆ ಸುಮ್ಮನೆ ಕರ್ಕೊಂಡು ಹೋಗಿ ಆ ಕುರ್ಚಿ, ಆ ಬಾಗಿಲು ತೋರಿಸಿಕೊಂಡು ಬನ್ನಿ. ಫೋಟೊ ತೆಗೆದು ಸಾಲಾಗಿ ಜೋಡಿಸಿ: ಬಾಗಿಲು, ಕುರ್ಚಿ, ಹತ್ತಿ, ಸೂಜಿ, ಪಟ್ಟಿ, ಮನೆ. ಮಾತಿಗಿಂತ ಅದು ಅವನಿಗೆ ಹತ್ರ ಆಗಬಹುದು.

ಹೊಸ ಆಟಿಕೆ ಒಯ್ಯಬೇಡಿ. ಅವನು ದಿನಾ ಕೈಯಲ್ಲಿ ಹಿಡಿಯೋದು ಏನಿದೆಯೋ ಅದೇ ಇರ್ಲಿ. ಕಿವಿಗೆ ಹೆಡ್‌ಫೋನ್, ತಲೆಗೆ ಮುಂದೆ ಚಾಚಿದ ಟೋಪಿ. ಮೆಲ್ಲಗೆ ಸವರಿದ್ರೆ ಕೆಲವು ಮಕ್ಕಳಿಗೆ ಇನ್ನೂ ಕಿರಿಕಿರಿ, ಗಟ್ಟಿಯಾಗಿ ಅಪ್ಪಿದ್ರೆ ನೆಮ್ಮದಿ. ಅವನಿಗೆ ಯಾವುದು ಅಂತ ನಿಮಗೇ ಗೊತ್ತಿರೋದು, ಸಿಸ್ಟರಿಗೆ ಒಳಗೆ ಹೋಗೋ ಮೊದಲೇ ಹೇಳಿ. ಅವತ್ತು ಆಗ್ಲೇ ಇಲ್ಲ ಅಂದ್ರೆ ಒತ್ತಿ ಹಿಡಿದು ಮುಗಿಸೋದು ಬೇಡ, ಇನ್ನೊಂದು ದಿನ ಬನ್ನಿ. ಆದ್ರೆ ಆ ದಿನ ಯಾವುದು ಅಂತ ಅಲ್ಲೇ ಬರೆಸಿಕೊಂಡು ಬನ್ನಿ.

ಯಾವ ಬೂಸ್ಟರ್ ಬಾಕಿ ಇದೆ, ಕಾರ್ಡ್ ನೋಡಿ ಹೇಳ್ತೀರಾ? ತೋಳಿಗಾ ತೊಡೆಗಾ ಗೊತ್ತಾದ್ರೆ ಹೇಗೆ ಕೂರಿಸಬೇಕು ಅಂತ ಹೇಳ್ತೀನಿ.